ಮಂದಾಯರನ್ನು ನಾಸ್ಟಿಕರೆಂದು ಕರೆಯಬಹುದೇ?

ಪಡುವಣವಾಸಿ:
ನಮಸ್ಕಾರ. ಸಿಡ್ನಿಯಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿರುವ ನಾನು ಐಚ್ಛಿಕ ವಿಷಯವೊಂದಕ್ಕಾಗಿ ನಾಸ್ಟಿಕ್ ಪಂಥಗಳ, ಅಂದರೆ ಗೂಢವಾದ ಅರಿವಿನಿಂದಲೇ ಆತ್ಮಕ್ಕೆ ಬಿಡುಗಡೆ ಎಂದು ನಂಬಿದ್ದ ಪ್ರಾಚೀನ ಪಂಥಗಳ ಕುರಿತು ಪ್ರಬಂಧ ಮಂಡಿಸಬೇಕಾಗಿದೆ. (ಫೋನಿನಲ್ಲಿ ಹೇಳಿದಾಗ ಅಮ್ಮ ಅದನ್ನು ‘ನಾಸ್ತಿಕ’ ಎಂದು ಕೇಳಿಸಿಕೊಂಡು ಗಾಬರಿಯಾದರು, ಇವರಿಗೆ ದೈವಗಳು ಹೆಚ್ಚೇ ಹೊರತು ಕಡಿಮೆಯಲ್ಲ ಎಂದು ಸಮಾಧಾನಪಡಿಸಲು ಅರ್ಧ ಗಂಟೆ ಹಿಡಿಯಿತು.) ನನ್ನ ಸಹಪಾಠಿಯೊಬ್ಬನದು ದಕ್ಷಿಣ ಇರಾಕ್‌ನಿಂದ ಬಂದು ನೆಲೆಸಿದ ಮಂದಾಯ ಕುಟುಂಬ; ಮಂದಾಯರೆಂದರೆ ಆ ಕಡೆಯ ಒಂದು ಪುರಾತನ, ಸಣ್ಣ ಧಾರ್ಮಿಕ ಸಮುದಾಯ. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ, ಇಂದಿಗೂ ಉಳಿದಿರುವ ನಾಸ್ಟಿಕರು ನೀವೇ ಅಲ್ಲವೇ ಎಂದು ಕೇಳಿದೆ. ಆ ಪದವನ್ನು ತನ್ನ ಮನೆಯಲ್ಲಿ ಯಾರ ಬಾಯಲ್ಲೂ ಕೇಳಿಲ್ಲವೆಂದು ಅವನು ನಕ್ಕುಬಿಟ್ಟ. ಪಠ್ಯಪುಸ್ತಕವಾದರೋ ಹಾಗೆಯೇ ಕರೆಯುತ್ತದೆ. ನಾನು ಏನೆಂದು ಬರೆಯಲಿ?

ಹಳೆಯಓಲೆ:
ಪುಸ್ತಕದ ಮಾತಿಗೂ ಆಧಾರವಿದೆ. ಅವರ ಅರಮಾಯಿಕ್ ನುಡಿಯಲ್ಲಿ ‘ಮಂದಾ’ ಎಂದರೆ ಅರಿವು; ಗ್ರೀಕರ ‘ಗ್ನೋಸಿಸ್’ ಪದದ ಅರ್ಥವೂ ಅದೇ. 1945ರಲ್ಲಿ ಈಜಿಪ್ಟ್‌ನ ನಾಗ್ ಹಮ್ಮಾದಿ ಬಳಿ ದೊರೆತ ಕಾಪ್ಟಿಕ್ (ಈಜಿಪ್ಟ್‌ನ ಹಳೆಯ ನುಡಿ) ಹಸ್ತಪ್ರತಿಗಳಲ್ಲಿನ ಕೆಲವು ನಾಸ್ಟಿಕ್ ಕೃತಿಗಳು, ಈ ಜಗತ್ತನ್ನು ರೂಪಿಸಿದವನು ಪರಮದೈವವಲ್ಲ, ಯಾಲ್ದಬಾವೋತ್ ಎಂಬ ಅಜ್ಞಾನಿಯಾದ ಕೆಳದೈವ ಎನ್ನುತ್ತವೆ. ಮಂದಾಯರ ಪವಿತ್ರ ಗ್ರಂಥವಾದ ಗಿಂಜಾ ರಬ್ಬಾದಲ್ಲಿ ಆ ಕೆಲಸ ಪ್ತಾಹಿಲ್‌ನದು. ಬೆಳಕಿನ ಲೋಕದ ಆತ್ಮ ದೇಹದೊಳಗೆ ಸಿಕ್ಕಿಕೊಂಡಿದೆ ಎಂಬ ನಂಬಿಕೆ ಎರಡೂ ಕಡೆ ಇದೆ. ಅಂದಹಾಗೆ, ಸಂಸ್ಕೃತದಿಂದ ನಮಗೆ ಬಂದ ‘ಜ್ಞಾನ’ವೂ ‘ಗ್ನೋಸಿಸ್’ ಪದವೂ ಒಂದೇ ಧಾತುವಿನ ಮಕ್ಕಳು. ಸೆಮಿಟಿಕ್ ಮೂಲದ ‘ಮಂದಾ’ಗೆ ಅದರೊಡನೆ ನಂಟಿಲ್ಲ, ನಮ್ಮ ಮಂದಬುದ್ಧಿಯೊಡನೆಯಂತೂ ಖಂಡಿತ ಇಲ್ಲ.

ನದಿದಡ:
ಹಳೆಯಓಲೆಯವರು ಹೇಳಿದ್ದು ಸರಿ, ಆದರೆ ಅದು ಗ್ರಂಥದ ಹೋಲಿಕೆ. ಮಂದಾಯರ ಧರ್ಮದ ಜೀವಾಳ ಹರಿಯುವ ನೀರು. ‘ಮಸ್ಬುತಾ’ ಎಂಬ ಸ್ನಾನವಿಧಿ ಕ್ರೈಸ್ತರ ದೀಕ್ಷಾಸ್ನಾನದಂತೆ ಒಮ್ಮೆ ನಡೆದು ಮುಗಿಯುವುದಲ್ಲ. ಬಿಳಿಯ ‘ರಸ್ತಾ’ ಉಡುಗೆ ತೊಟ್ಟು, ಪುರೋಹಿತರ ಕೈಯಿಂದ, ಬದುಕಿನುದ್ದಕ್ಕೂ ಮತ್ತೆ ಮತ್ತೆ ಪಡೆಯುವಂಥದು. ಅದು ನಡೆಯುವ ಹೊಳೆ ಯಾವುದೇ ಇರಲಿ, ಅದಕ್ಕೆ ‘ಯರ್ದನಾ’ ಎಂದೇ ಹೆಸರು. ನಿಮ್ಮ ಸಿಡ್ನಿಯಲ್ಲಿ ನೆಪಿಯನ್ ನದಿಯೇ ಯರ್ದನಾ. ಅನೇಕ ನಾಸ್ಟಿಕರಿಗೆ ಯೇಸು ಉದ್ಧಾರಕನಾಗಿದ್ದರೆ ಮಂದಾಯರು ಆತನನ್ನು ಒಪ್ಪದೆ, ಬೈಬಲಿನಲ್ಲಿ ಆತನಿಗೆ ದೀಕ್ಷಾಸ್ನಾನ ಮಾಡಿಸುವ ಸ್ನಾನಿಕ ಯೋಹಾನನನ್ನು ಗೌರವಿಸುತ್ತಾರೆ. ಕೆಲವು ನಾಸ್ಟಿಕ್ ಪಂಥಗಳು ಸಂಸಾರವನ್ನೇ ಬೇಡವೆಂದವು. ಇವರಲ್ಲಿ ಮದುವೆ, ಮಕ್ಕಳು ಧರ್ಮದ ಕರ್ತವ್ಯ. ಮತಾಂತರವಾಗಿ ಬರುವವರನ್ನು ಸೇರಿಸಿಕೊಳ್ಳುವುದಿಲ್ಲವಾದ್ದರಿಂದ, 2003ರ ಯುದ್ಧದ ನಂತರ ಚದುರಿಹೋದ ಈ ಸಣ್ಣ ಸಮುದಾಯಕ್ಕೆ ಉಳಿವಿನ ಪ್ರಶ್ನೆ ಮನೆಯೊಳಗಿನದೇ.

ವಿದ್ಯಾರ್ಥಿಗಳ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಇವರ ಪವಿತ್ರ ದಿನ ಭಾನುವಾರ. ಇರಾಕ್‌ನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಆದ್ದರಿಂದ ಅಲ್ಲಿನ ಮಂದಾಯ ಹುಡುಗರಿಗೆ ನದಿ ಮತ್ತು ತರಗತಿ ಒಂದೇ ದಿನ ಎದುರಾಗುತ್ತವೆ. ಹಾಗೆಂದು ಓದಿನಲ್ಲಿ ಹಿಂದೆ ಬಿದ್ದವರಲ್ಲ: ಅಮೆರಿಕದ ಎಂಐಟಿಯಲ್ಲಿ ಡಾಕ್ಟರೇಟ್ ಪಡೆದು ಬಾಗ್ದಾದ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಭೌತವಿಜ್ಞಾನಿ ಅಬ್ದುಲ್ ಜಬ್ಬಾರ್ ಅಬ್ದುಲ್ಲಾ ಮಂದಾಯರೇ.

ಪಡುವಣವಾಸಿ:
ಇಬ್ಬರಿಗೂ ಧನ್ಯವಾದಗಳು. ‘ಕೊನೆಯ ನಾಸ್ಟಿಕರು’ ಎಂದು ಇಟ್ಟಿದ್ದ ಶೀರ್ಷಿಕೆಯನ್ನು ಹೊಡೆದುಹಾಕಿದ್ದೇನೆ. ಆ ಪದ ಸೃಷ್ಟಿಕಥೆಗಳ ಹೋಲಿಕೆಯ ಭಾಗದಲ್ಲಿ ಮಾತ್ರ ಉಳಿಯಲಿದೆ. ದಡದಲ್ಲಿ ನಿಂತು ನೋಡಬಹುದೇ ಎಂದು ಸಹಪಾಠಿಯನ್ನು ಕೇಳಿದ್ದಕ್ಕೆ, ಅಪ್ಪನನ್ನು ವಿಚಾರಿಸಿ ತಿಳಿಸುತ್ತೇನೆ ಎಂದಿದ್ದಾನೆ.