ಸಹಾಯ ಬೇಕು: ಪೆನ್‌ಡ್ರೈವ್ ಶಾರ್ಟ್‌ಕಟ್ ವೈರಸ್ ಹೋಗ್ತಿಲ್ಲ (ಮಂಡ್ಯ)

ಮಂಡ್ಯದ ಒಂದು ಜೆರಾಕ್ಸ್ ಅಂಗಡಿ, ವಿಂಡೋಸ್ 10 ಇರೋ 3 ಕಂಪ್ಯೂಟರ್. ಯಾವ ಪೆನ್‌ಡ್ರೈವ್ ಹಾಕಿದರೂ ಫೋಲ್ಡರೆಲ್ಲ ಮಾಯ, ಬರೀ ಶಾರ್ಟ್‌ಕಟ್. ಫೈಲ್ ಅಳಿಸಿಲ್ಲ, ಹಿಡನ್, ಸಿಸ್ಟಮ್ ಗುರುತು ಹಾಕಿ ಬಚ್ಚಿಟ್ಟಿದೆ ಅಷ್ಟೇ. ಅಟ್ರಿಬ್ ಕಮಾಂಡಲ್ಲಿ ಆ ಗುರುತು ತೆಗೆದರೆ ವಾಪಸ್ ಕಾಣುತ್ತವೆ. ಶಾರ್ಟ್‌ಕಟ್‌ನ ಪ್ರಾಪರ್ಟೀಸ್ ತೆಗೆದು ಟಾರ್ಗೆಟ್ ನೋಡಿದರೆ, ಡಬ್ಲ್ಯೂಸ್ಕ್ರಿಪ್ಟ್ (ಸ್ಕ್ರಿಪ್ಟ್ ಓಡಿಸೋ ವಿಂಡೋಸ್ ಪ್ರೋಗ್ರಾಂ) ಮೂಲಕ ಒಂದು ವಿಬಿಎಸ್ ಸ್ಕ್ರಿಪ್ಟ್ ಫೈಲ್ ಓಡುತ್ತಿದೆ.

ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ ಅನ್ನಬೇಡಿ ಸಾರ್, ರೋಗ ಇರೋದು ಕಂಪ್ಯೂಟರಲ್ಲಿ.

ನೆಟ್ ಕಿತ್ತು, ಡಬ್ಲ್ಯೂಸ್ಕ್ರಿಪ್ಟ್ ನಿಲ್ಲಿಸಿ, ಸ್ಟಾರ್ಟಪ್ ಫೋಲ್ಡರ್ ಮತ್ತು ರಿಜಿಸ್ಟ್ರಿಯ ರನ್ ಕೀಯಲ್ಲಿದ್ದ (ಲಾಗಿನ್ ಆದಾಗ ತಾನಾಗೇ ಓಡೋ ಪ್ರೋಗ್ರಾಂಗಳ ಪಟ್ಟಿ ಇರೋ ಜಾಗಗಳು) ಅನುಮಾನದ ನಮೂದು ಅಳಿಸಿದ್ದಾಯಿತು. ವಿಂಡೋಸ್‌ನದೇ ಆಂಟಿವೈರಸ್ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನೂ ಆಯಿತು. ರೀಸ್ಟಾರ್ಟ್ ಆದ 5 ನಿಮಿಷಕ್ಕೆ ಮತ್ತೆ ಹಾಜರ್! ಟಾಸ್ಕ್ ಶೆಡ್ಯೂಲರ್ (ಗೊತ್ತು ಮಾಡಿದ ಹೊತ್ತಿಗೆ ಪ್ರೋಗ್ರಾಂ ತಾನಾಗೇ ಓಡಿಸೋ ವಿಂಡೋಸ್ ಸೌಲಭ್ಯ) ಮೇಲೇ ಅನುಮಾನ, ಆದರೆ ಅಲ್ಲಿರೋ ಟಾಸ್ಕ್ ಒಂದಾ ಎರಡಾ? ಡಬ್ಲ್ಯೂಸ್ಕ್ರಿಪ್ಟ್ ಕರೆಯುವಂಥವನ್ನ ಮಾತ್ರ ಸೋಸಿ ತೋರಿಸೋ ಪವರ್‌ಶೆಲ್ ಕಮಾಂಡ್ ಯಾರ ಹತ್ರ ಇದೆ?