ಕೊನೆ ಬೆಂಚಿನಲ್ಲಿ ಒಂದು ಸ್ಟಾರ್ ಜಗಳ

ನಮ್ಮ ಇಂಜಿನಿಯರಿಂಗ್ ಬ್ಯಾಚಿನ ವಾಟ್ಸಾಪ್ ಗುಂಪಿನ ಹೆಸರು ‘ಕೊನೆ ಬೆಂಚು’. ಹಬ್ಬದ ಶುಭಾಶಯ, ಯಾರದೋ ಮಗಳ ಸಿಇಟಿ ರ್‍ಯಾಂಕ್, ‘ಸೈಟ್ ಮಾರಾಟಕ್ಕಿದೆ’ ಅನ್ನುವ ಫಾರ್ವರ್ಡ್, ಇಷ್ಟೇ ಅಲ್ಲಿ ಬರುವುದು. ಕಳೆದ ಭಾನುವಾರ ಮಾತ್ರ ತಿಂಡಿ ಹೊತ್ತಿಗೆ ಶುರುವಾದ ಜಗಳ ರಾತ್ರಿ ಊಟದ ತನಕ ಎಳೆಯಿತು. ಹಿಂದಿನ ದಿನ ಸಂಜೆ ನಾವು ಏಳು ಜನ ಬೆಂಗಳೂರಿನ ಒಂದು ಬ್ರೂವರಿಗೆ, ಅಂದರೆ ತಾನೇ ಬಿಯರ್ ತಯಾರಿಸಿ ಮಾರುವ ಪಬ್ಬಿಗೆ, ಹೋಗಿದ್ದೆವು. ಯಾವುದು ಅಂತ ಹೇಳುವುದಿಲ್ಲ, ಹೇಳಿದರೆ ಇಲ್ಲೂ ಇನ್ನೊಂದು ಜಗಳ. ಶಶಿ ಮನೆಗೆ ಹೋಗಿ ಸುಮ್ನೆ ಮಲಗುವ ಬದಲು ಗೂಗಲ್‌ನಲ್ಲಿ ರಿವ್ಯೂ ಬರೆದ. ಅದರ ಸ್ಕ್ರೀನ್‌ಶಾಟ್ ಮತ್ತು ಬಿಲ್ಲಿನ ಫೋಟೋ ಎರಡನ್ನೂ ಗುಂಪಿಗೆ ಎಸೆದ. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು ಬದಲಾಯಿಸಿದ್ದೇನೆ, ನಡುವೆ ಬಂದ ಗುಡ್ ಮಾರ್ನಿಂಗ್ ಹೂಗಳನ್ನು ಕಿತ್ತುಹಾಕಿದ್ದೇನೆ.

ಶಶಿಯ ರಿವ್ಯೂ ಹೀಗಿತ್ತು:

“ಒಂದು ಸ್ಟಾರ್. ಅದೂ ಜಾಸ್ತಿ. ವೀಟ್ ಬಿಯರ್ (ಗೋಧಿ ಬಿಯರ್) ಕಲಗಚ್ಚಿನ ಹಾಗೆ ಮಬ್ಬು, ಮೇಲೆ ಬಾಳೆಹಣ್ಣಿನ ವಾಸನೆ. ಸ್ಟೌಟ್ ಅನ್ನುವ ಕಪ್ಪು ಬಿಯರ್ ತಣ್ಣಗೇ ಇರಲಿಲ್ಲ. ಲಾಗರ್‌ನಲ್ಲಿ ಬೆಣ್ಣೆ ವಾಸನೆ. ಮಗ್ಗಿನಲ್ಲಿ ಅರ್ಧ ನೊರೆ. ಚಿಲ್ಲಿ ಚಿಕನ್ ಬರಲು ಮುಕ್ಕಾಲು ಗಂಟೆ. ವೇಟರ್ ಕರೆದರೂ ತಿರುಗಿ ನೋಡುವುದಿಲ್ಲ. ಕೊನೆಗೆ ಹತ್ತು ಪರ್ಸೆಂಟ್ ಸರ್ವೀಸ್ ಚಾರ್ಜ್. ಯಾರೂ ಹೋಗಬೇಡಿ.”

ಸೋಮು: ಗುರೂ, ನಾವಿಬ್ಬರೂ ಹೋಗಿದ್ದು ಒಂದೇ ಜಾಗಕ್ಕಾ?

ಪಾಟೀಲ: ಆ ಕಲಗಚ್ಚಿನ ಎರಡನೇ ಜಗ್ ಹೇಳಿದ್ದು ನೀನೇ ಅಲ್ವಾ ಶಶಿ?

ಶಶಿ: ಬೇರೆ ಏನು ಹೇಳಲಿ? ಲಾಗರ್ ಕುಡಿಯೋಕೆ ಆಗಲಿಲ್ಲ, ಸ್ಟೌಟ್ ಬೆಚ್ಚಗಿತ್ತು.

ಮಂಜ: ಮ್ಯೂನಿಕ್‌ನಿಂದ ಒಂದು ಮಾತು ಹೇಳಲಾ?

ಸೋಮು: ಬಂತು ಜರ್ಮನಿ ಪುರಾಣ.

ಮಂಜ: ವೀಟ್ ಬಿಯರ್ ಮಬ್ಬಾಗಿಯೇ ಇರಬೇಕು ಕಣೋ. ಅದನ್ನು ಸೋಸುವುದಿಲ್ಲ. ಯೀಸ್ಟು, ಗೋಧಿಯ ಪ್ರೋಟೀನು ಒಳಗೇ ಉಳಿಯುತ್ತವೆ. ಬಾಳೆಹಣ್ಣು, ಲವಂಗದ ವಾಸನೆ ಬರುವುದು ಆ ಯೀಸ್ಟಿನಿಂದಲೇ. ಇಲ್ಲಿ ಆ ವಾಸನೆ ಬರಲಿಲ್ಲ ಅಂದರೆ ಜನ ಮುಖ ಸಿಂಡರಿಸುತ್ತಾರೆ. ನೀನು ದೂರು ಅಂತ ಬರೆದಿದ್ದು ಬ್ರೂವರ್‌ಗೆ ಸರ್ಟಿಫಿಕೇಟ್.

ಮಂಜ: ಸ್ಟೌಟ್ ಕೂಡ ಅಷ್ಟೇ. 8ರಿಂದ 12 ಡಿಗ್ರಿಯಲ್ಲಿ ಕೊಡುತ್ತಾರೆ. ಐಸ್ ತಣ್ಣಗಿದ್ದರೆ ಹುರಿದ ಬಾರ್ಲಿಯ ರುಚಿ ನಾಲಿಗೆಗೆ ಹತ್ತುವುದೇ ಇಲ್ಲ.

ಸೋಮು: ಶಶಿ ನಾಲಿಗೆ ಇನ್ನೂ ಕಾಲೇಜಿನಲ್ಲೇ ಇದೆ. ಆಗ ಬಿಯರ್ ಅಂದರೆ ಕಿಂಗ್‌ಫಿಷರ್. ಯಾವುದು ಬೇಕು ಅಂತ ಯಾರೂ ಕೇಳುತ್ತಿರಲಿಲ್ಲ, ಚಿಲ್ಡಾ ಅಂತ ಮಾತ್ರ ಕೇಳುತ್ತಿದ್ದರು. 2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ಅನ್ನುವ ಬ್ರೂವರಿ ಶುರುವಾಯಿತು. ಆಮೇಲೆ ಊರೆಲ್ಲ ಬ್ರೂವರಿ. ಇವನು ಮಾತ್ರ ಚಿಲ್ಡ್‌ನಲ್ಲೇ ನಿಂತಿದ್ದಾನೆ.

ಶಶಿ: ಸರಿ, ನನಗೆ ಗೊತ್ತಿಲ್ಲ. ಮಂಜನಿಗೆ ಗೊತ್ತು. ಆದರೆ ಮಂಜ ಅಲ್ಲಿ ವೇಟರ್ ಆಗಿರಲಿಲ್ಲವಲ್ಲ? ‘ಸರ್, ಸ್ಟೌಟ್ ಇಷ್ಟೇ ತಣ್ಣಗಿರುತ್ತದೆ’ ಅಂತ ಒಂದು ಮಾತು ಹೇಳುವುದಕ್ಕೆ ಏನಾಗಿತ್ತು? ಬೇರೆ ಕಡೆ ಮೊದಲು ಚಿಕ್ಕ ಗ್ಲಾಸಿನಲ್ಲಿ ಸ್ವಲ್ಪ ಸ್ವಲ್ಪ ರುಚಿ ನೋಡೋಕೆ ಕೊಡುತ್ತಾರೆ. ಇಲ್ಲಿ ಕೇಳಿದರೆ ‘ಶನಿವಾರ ಇಲ್ಲ ಸರ್’ ಅಂದ.

ಇದಕ್ಕೆ ಯಾರೂ ತಕ್ಷಣ ಉತ್ತರ ಕೊಡಲಿಲ್ಲ. ಶಶಿಯ ರಿವ್ಯೂ ನನಗೆ ಇಷ್ಟವಾಗದಿದ್ದರೂ ಈ ಮಾತು ಸರಿಯಾಗಿಯೇ ಇತ್ತು. ಆರು ಥರದ ಬಿಯರ್ ಬೋರ್ಡಿನಲ್ಲಿ ಬರೆದು, ಯಾವುದು ಹೇಗಿರುತ್ತದೆ ಅಂತ ಹೇಳೋಕೆ ಒಬ್ಬನೂ ಇಲ್ಲದಿದ್ದರೆ ಹೊಸಬ ಏನು ಮಾಡಬೇಕು?

ಮಂಜ: ನೊರೆ ವಿಷಯದಲ್ಲೂ ನಾನು ಶಶಿ ಕಡೆ. ಇಲ್ಲಿ ಗ್ಲಾಸಿನ ಮೇಲೆ ಗೆರೆ ಎಳೆದು 0.5 ಲೀಟರ್ ಅಂತ ಬರೆದಿರುತ್ತದೆ. ಬಿಯರ್ ಗೆರೆ ಮುಟ್ಟಬೇಕು, ನೊರೆ ಏನಿದ್ದರೂ ಅದರ ಮೇಲೆ. ನಿಮ್ಮ ಮಗ್ಗಿನಲ್ಲಿ ಗೆರೆ ಇತ್ತಾ?

ಶಶಿ: ಗೆರೆನೂ ಇಲ್ಲ, ಬರೆನೂ ಇಲ್ಲ.

ಸೋಮು: ಮಾವಿನಹಣ್ಣಿನ ಬಿಯರ್ ಚೆನ್ನಾಗಿತ್ತಪ್ಪ. ಅದನ್ನು ಯಾಕೆ ಬರೆಯಲಿಲ್ಲ?

ಮಂಜ: ಬವೇರಿಯಾದ 1516ರ ಕಾಯ್ದೆ ಪ್ರಕಾರ ಬಿಯರ್‌ಗೆ ಬಾರ್ಲಿ, ಹಾಪ್ಸ್ ಅನ್ನುವ ಕಹಿ ಹೂ, ನೀರು ಅಷ್ಟೇ.

ಸೋಮು: ಹಾಗಾದರೆ ಗೋಧಿ ಎಲ್ಲಿಂದ ಬಂತು ಸ್ವಾಮಿ?

ಮಂಜ: ಗೋಧಿ ಬಿಯರ್ ಮಾಡುವ ಹಕ್ಕನ್ನು ರಾಜಮನೆತನ ತನ್ನ ಕೈಯಲ್ಲೇ ಇಟ್ಟುಕೊಂಡಿತು. ಕಾಸು ಚೆನ್ನಾಗಿ ಬರುತ್ತಿತ್ತು.

ಸೋಮು: ಕಾಯ್ದೆ ಮಾಡುವವರು ಎಲ್ಲ ಕಡೆ ಒಂದೇ.

ಪಾಟೀಲ: ಎಲ್ಲರೂ ಮುಖ್ಯವಾದದ್ದನ್ನು ಬಿಟ್ಟಿರಿ. ಲಾಗರ್.

ಪಾಟೀಲ ಕೆಲಸ ಮಾಡುವುದು ಹಾಲಿನ ಡೇರಿಯಲ್ಲಿ. ಆ ರಾತ್ರಿ ಲಾಗರ್ ಬಂದಾಗ ಅವನು ಒಂದು ಗುಟುಕು ಕುಡಿದು, ಮೂಸಿ ನೋಡಿ, ಮಗ್ಗನ್ನು ಮೇಜಿನ ಮಧ್ಯಕ್ಕೆ ತಳ್ಳಿದ್ದ. ನಾನು ಪಕ್ಕದಲ್ಲೇ ಕೂತಿದ್ದೆ. ಬಣ್ಣ ಚಿನ್ನದಂತೆ ತಿಳಿಯಾಗಿತ್ತು, ನೋಡೋಕೆ ಒಂದು ಐಬಿಲ್ಲ. ಮೂಗಿನ ಹತ್ತಿರ ತಂದರೆ ಮಾತ್ರ ಥಿಯೇಟರ್ ಪಾಪ್‌ಕಾರ್ನ್ ಮೇಲೆ ಸುರಿಯುವ ಬೆಣ್ಣೆಯ ವಾಸನೆ. ಬಾಯಲ್ಲಿ ಜಿಡ್ಡು ಜಿಡ್ಡು.

ಪಾಟೀಲ: ಅದು ಡಯಾಸಿಟೈಲ್. ಬೆಣ್ಣೆಗೆ ಬೆಣ್ಣೆ ವಾಸನೆ ಕೊಡುವುದೇ ಅದು. ನಮ್ಮ ಡೇರಿಯಲ್ಲಿ ಬೇಕು, ಲಾಗರ್‌ನಲ್ಲಿ ಬೇಡ. ಹುಳಿ ಬರುವಾಗ ಯೀಸ್ಟು ಅದನ್ನು ಬಿಡುತ್ತದೆ, ಆಮೇಲೆ ಟೈಮ್ ಕೊಟ್ಟರೆ ತಾನೇ ವಾಪಸ್ ತಿನ್ನುತ್ತದೆ. ಲಾಗರ್ ತಣ್ಣಗೆ, ನಿಧಾನಕ್ಕೆ ಆಗುವ ಬಿಯರ್. ವಾರಗಟ್ಟಲೆ ಟ್ಯಾಂಕಿನಲ್ಲಿ ಇರಬೇಕು. ಶನಿವಾರದ ರಶ್ಶಿಗೆ ಟ್ಯಾಂಕ್ ಖಾಲಿ ಬೇಕು ಅಂತ ಬೇಗ ಇಳಿಸಿದರೆ ಹೀಗೇ ಆಗುವುದು.

ಪಾಟೀಲ: ಇಲ್ಲದಿದ್ದರೆ ಪೈಪ್ ತೊಳೆದಿಲ್ಲ. ಟ್ಯಾಂಕಿನಿಂದ ನಲ್ಲಿ ತನಕ ಬರುವ ಪೈಪಿನಲ್ಲಿ ಬ್ಯಾಕ್ಟೀರಿಯಾ ಕೂತರೂ ಇದೇ ವಾಸನೆ. ಎರಡು ವಾರಕ್ಕೊಮ್ಮೆಯಾದರೂ ಕಾಸ್ಟಿಕ್ ಸೋಡಾ ಹಾಕಿ ತೊಳೆಯಬೇಕು. ಯಾವುದು ಅಂತ ಕುಡಿದು ಹೇಳೋಕೆ ಆಗಲ್ಲ, ಟ್ಯಾಂಕಿನಿಂದಲೇ ಒಂದು ಗ್ಲಾಸ್ ಹಿಡಿದು ನೋಡಬೇಕು.

ಶಶಿ: ನೋಡಿದಿರಾ! ಒಂದು ಸ್ಟಾರ್ ಸರಿ.

ಪಾಟೀಲ: ಸರಿ ಅಲ್ಲ. ನಿಜವಾದ ತಪ್ಪು ಒಂದು ಸಾಲು, ತಪ್ಪಲ್ಲದ್ದು ನಾಲ್ಕು ಸಾಲು. ಓದುವ ಬ್ರೂವರ್ ಬಾಳೆಹಣ್ಣು ಅಂತ ಓದಿದ ಕೂಡಲೇ ‘ಇವನಿಗೆ ಏನೂ ಗೊತ್ತಿಲ್ಲ’ ಅಂತ ಫೋನ್ ಕೆಳಗಿಡುತ್ತಾನೆ. ಲಾಗರ್ ಸಾಲು ಹಾಳಾಯಿತು.

ಶೆಟ್ಟಿ: ಊಟದ ವಿಷಯ ನಾನು ಹೇಳುತ್ತೇನೆ. ನಮ್ಮದೂ ಹೋಟೆಲ್ ತಾನೇ. ನೀವು ಏಳು ಜನ ಒಟ್ಟಿಗೆ ಆರ್ಡರ್ ಕೊಟ್ಟಿರಾ?

ಸೋಮು: ಇಲ್ಲ, ಬಿಡಿ ಬಿಡಿಯಾಗಿ. ಶಶಿ ಚಿಲ್ಲಿ ಚಿಕನ್ ಹೇಳಿದ, ಆಮೇಲೆ ಬೋನ್‌ಲೆಸ್ ಮಾಡಿ ಅಂದ, ಆಮೇಲೆ ಡ್ರೈ ಬೇಡ ಗ್ರೇವಿ ಅಂದ.

ಶೆಟ್ಟಿ: ಹಾಗಾದರೆ ಅಡುಗೆಮನೆಯಲ್ಲಿ ಆ ಚೀಟಿ ಮೂರು ಸಲ ಹಿಂದಕ್ಕೆ ಹೋಗಿರುತ್ತದೆ. ಮುಕ್ಕಾಲು ಗಂಟೆ ಅಂದರೆ ಪುಣ್ಯ.

ಶಶಿ: ಕರೆದರೆ ತಿರುಗಿ ನೋಡಬೇಕಲ್ಲ?

ಸೋಮು: ಆ ಹುಡುಗನ ಒಂದು ಕೈಯಲ್ಲಿ ನಾಲ್ಕು ಮಗ್, ಇನ್ನೊಂದರಲ್ಲಿ ಜಗ್. ನೀನು ಚಿಟಿಕೆ ಹೊಡೆದು ಕರೆದೆ. ನಾನಾಗಿದ್ದರೂ ತಿರುಗುತ್ತಿರಲಿಲ್ಲ.

ಇಲ್ಲಿ ಶಶಿ ಸ್ವಲ್ಪ ಹೊತ್ತು ಆಫ್‌ಲೈನ್ ಆದ. ಸ್ನಾನಕ್ಕೆ ಹೋಗಿದ್ದೆ ಅಂತ ಆಮೇಲೆ ಹೇಳಿದ. ಅಷ್ಟರಲ್ಲಿ ಮಮತಾ ಬಂದಳು. ಅವಳು ಇಂಜಿನಿಯರಿಂಗ್ ಬಿಟ್ಟು ಟ್ಯಾಕ್ಸ್ ಕನ್ಸಲ್ಟೆಂಟ್ ಆದವಳು. ಬಿಯರ್ ಬಗ್ಗೆ ಒಂದು ಮಾತೂ ಆಡಲಿಲ್ಲ, ನೇರವಾಗಿ ಬಿಲ್ಲಿಗೆ ಕೈ ಹಾಕಿದಳು.

ಮಮತಾ: ಬಿಲ್ ಝೂಮ್ ಮಾಡಿ ನೋಡಿದೆ. ಊಟ 4,200. ಅದಕ್ಕೆ ಜಿಎಸ್‌ಟಿ 5 ಪರ್ಸೆಂಟ್, 210. ಬಿಯರ್ ತೆರಿಗೆ ಸೇರಿ 5,600. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ಅಲ್ಲಿಗೆ ಸರಿ. ಸರ್ವೀಸ್ ಚಾರ್ಜ್ 980. ಇದನ್ನು ಯಾಕೆ ಕೊಟ್ಟಿರಿ?

ಸೋಮು: ಬಿಲ್ಲಿನಲ್ಲಿ ಇತ್ತು, ಕೊಟ್ಟೆವು.

ಮಮತಾ: ಅಯ್ಯೋ ನಿಮ್ಮ. 2022ರ ಜುಲೈಯಲ್ಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿದೆ, ಸರ್ವೀಸ್ ಚಾರ್ಜನ್ನು ತಾನಾಗೇ ಬಿಲ್ಲಿಗೆ ಸೇರಿಸಬಾರದು ಅಂತ. ಹೋಟೆಲ್ ಸಂಘದವರು ಕೋರ್ಟಿಗೆ ಹೋದರು. 2025ರ ಮಾರ್ಚ್ 28ಕ್ಕೆ ದೆಹಲಿ ಹೈಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ತೆಗೆಯಿರಿ ಅಂತ ಅಲ್ಲೇ ಹೇಳಬೇಕಿತ್ತು. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್. ರಾತ್ರಿ ಮನೆಗೆ ಬಂದು ಸ್ಟಾರ್ ಕೊಟ್ಟರೆ 980 ವಾಪಸ್ ಬರುತ್ತದಾ?

ಶೆಟ್ಟಿ: ಆದರೆ ಆ ದುಡ್ಡು ಹುಡುಗರಿಗೆ ಹೋಗುವುದಾದರೆ ಕೊಡೋಣ ಬಿಡು.

ಮಮತಾ: ಹೋಗುತ್ತದೆ ಅಂತ ಬಿಲ್ಲಿನಲ್ಲಿ ಎಲ್ಲೂ ಬರೆದಿಲ್ಲ. ಹುಡುಗನಿಗೆ ಕೊಡಬೇಕು ಅನ್ನಿಸಿದರೆ ಅವನ ಕೈಗೇ ಕೊಡು.

ಇಷ್ಟು ಹೊತ್ತು ಬರೀ ನೀಲಿ ಟಿಕ್ ತೋರಿಸುತ್ತಿದ್ದ ಭಟ್ಟ ಆಗ ಬಾಯಿಬಿಟ್ಟ.

ಭಟ್ಟ: ಬಿಲ್ಲಿನ ಮಾತು ಬಂತಲ್ಲ, ಕೇಳುತ್ತೇನೆ. ನಾನು ಕುಡಿದಿದ್ದು ಒಂದು ಫ್ರೆಶ್ ಲೈಮ್ ಸೋಡಾ. ಕೊಟ್ಟಿದ್ದು 1,570.

ಎರಡು ನಿಮಿಷ ಯಾರದೂ ಟೈಪಿಂಗ್ ಕಾಣಲಿಲ್ಲ.

ಸೋಮು: ಭಟ್ಟ, ಸಮನಾಗಿ ಹಂಚೋಣ ಅಂದಾಗ ನೀನೂ ತಲೆ ಆಡಿಸಿದೆಯಲ್ಲ?

ಭಟ್ಟ: ಜೋರು ಮ್ಯೂಸಿಕ್. ಏನು ಅಂದಿರೋ ಕೇಳಿಸಲಿಲ್ಲ. ನೀವು ನಕ್ಕಿರಿ, ನಾನೂ ಆಡಿಸಿದೆ.

ಶಶಿ: ಪನೀರ್ ಟಿಕ್ಕಾ ಎರಡು ಪ್ಲೇಟ್ ನಿನಗೇ ಬಂತು ಮಾರಾಯ.

ಭಟ್ಟ: ಒಂದು ಪ್ಲೇಟಿನಲ್ಲಿ ಆರು ಪೀಸ್. ಅದರಲ್ಲಿ ಮೂರು ನೀನೇ ತಿಂದೆ. ಆಮೇಲೆ ನಿನ್ನನ್ನು ಜೆ.ಪಿ. ನಗರಕ್ಕೆ ಬಿಟ್ಟಿದ್ದೂ ನಾನೇ, ಪೆಟ್ರೋಲ್ ಕೇಳಿದೆನಾ?

ಮಮತಾ: ಲೆಕ್ಕ ಸುಲಭ. ಊಟದ ಪಾಲು 600, ಜಿಎಸ್‌ಟಿ 30, ಅದರ ಮೇಲಿನ ಸರ್ವೀಸ್ ಚಾರ್ಜ್ 60. ಒಟ್ಟು 690. ಭಟ್ಟನಿಗೆ 880 ವಾಪಸ್. ಆರು ಜನ ತಲಾ 147 ಕಳಿಸಿ.

ಪಾಟೀಲ: ಹಾಗಾದರೆ ನಾನೂ ಲಾಗರ್ ಕುಡಿಯಲಿಲ್ಲ. ನನ್ನದೂ ಲೆಕ್ಕ ಹಾಕು.

ಮಮತಾ: ನೀನು ಲಾಗರ್ ಬಿಟ್ಟು ಮಿಕ್ಕಿದ್ದೆಲ್ಲ ಕುಡಿದೆ. ಕೆಟ್ಟ ಮಗ್ ಅಲ್ಲೇ ವಾಪಸ್ ಕೊಟ್ಟಿದ್ದರೆ ಬಿಲ್ಲಿನಿಂದ ಹೋಗುತ್ತಿತ್ತು. ಮೇಜಿನ ಮಧ್ಯಕ್ಕೆ ತಳ್ಳಿದರೆ ಹೋಗುವುದಿಲ್ಲ.

ಇದು ನನಗೂ ತಾಗಿತು ಅಂತ ಬರೆಯುವಷ್ಟು ಸಾಧು ನಾನಲ್ಲ. ಆದರೆ ಏಳು ಜನರಲ್ಲಿ ಒಬ್ಬರೂ ಆ ಮಗ್ ಎತ್ತಿಕೊಂಡು ಮ್ಯಾನೇಜರ್ ಹತ್ತಿರ ಹೋಗಲಿಲ್ಲ ಅನ್ನುವುದು ನಿಜ. ಬ್ರೂವರಿಯವರಿಗೆ ಆ ಟ್ಯಾಂಕ್ ವಿಷಯ ಗೊತ್ತಾಗುವ ದಾರಿ ಅದೊಂದೇ ಇತ್ತು.

ಸಂಜೆ ಹೊತ್ತಿಗೆ ಶಶಿ ಹೊಸ ಸ್ಕ್ರೀನ್‌ಶಾಟ್ ಹಾಕಿದ. ಬಾಳೆಹಣ್ಣು, ಮಬ್ಬು, ಸ್ಟೌಟ್ ಎಲ್ಲ ಮಾಯ. ಲಾಗರ್ ಬಗ್ಗೆ ಪಾಟೀಲ ಹೇಳಿದ ಐದು ಸಾಲು ಹಾಗೇ ಇಳಿಸಿದ್ದ, ಡಯಾಸಿಟೈಲ್ ಸಮೇತ. ಕೆಳಗೆ ಸರ್ವೀಸ್ ಚಾರ್ಜ್, ಹೈಕೋರ್ಟ್. ಕೊನೆಯಲ್ಲಿ ‘ಪಾರ್ಕಿಂಗ್ ಕೂಡ ಇಲ್ಲ’ ಅಂತ ಹೊಸದೊಂದು. ಸ್ಟಾರ್ ಮಾತ್ರ ಒಂದೇ.

ಪಾಟೀಲ: ಎರಡಾದರೂ ಕೊಡೋ, ಮಾವಿನ ಬಿಯರ್‌ಗೆ.

ಶಶಿ: ಸ್ಟಾರ್ ನನ್ನದು.

ಭಟ್ಟ: ಐದು ಜನರದ್ದು ಬಂತು, ಥ್ಯಾಂಕ್ಸ್. ಶಶಿದು ಈಗ ಬಂತು. 140.

ಮಮತಾ: 147 ಶಶಿ.

ಶಶಿ: ಏಳು ರೂಪಾಯಿ ಪನೀರ್‌ಗೆ ಹಿಡಿದುಕೊಂಡಿದ್ದೇನೆ. ಆರು ಪೀಸ್‌ನಲ್ಲಿ ನಾನು ತಿಂದಿದ್ದು ಎರಡೇ.