ಮೇಲ್ಹಲ್ಲಿಲ್ಲದ ಕಳ್ಳ

ನ್ಯೂಜೆರ್ಸಿಯ ನಮ್ಮ ಭಾನುವಾರದ ಕಾಫಿಯಲ್ಲಿ ಮೊದಲೆಲ್ಲ ವೀಸಾ, ಮನೆ ಸಾಲದ್ದೇ ಮಾತು. ಈ ಏಪ್ರಿಲ್‌ನಿಂದ ಬರೀ ಜಿಂಕೆ.

"ರಾತ್ರಿ ಮತ್ತೆ ಬಂದಿತ್ತು ಕಣ್ರೋ. ಪೀಚ್ ಗಿಡದ ಕೆಳಗಿನ ಕುಡಿಯೆಲ್ಲ ಖಾಲಿ," ಅಂದ ಶ್ರೀಧರ.

"ಮೊಲ ಇರಬಹುದಲ್ಲ?" ಅಂದೆ.

ತೀರ್ಥಹಳ್ಳಿಯಿಂದ ಬಂದಿದ್ದ ಅವನ ಅಮ್ಮ ಟೊಂಗೆಯನ್ನು ಕನ್ನಡಕದ ಹತ್ತಿರ ಬಗ್ಗಿಸಿದರು. "ನೋಡು, ತುದಿ ನಾರುನಾರಾಗಿದೆ. ಮೊಲ ಆಗಿದ್ರೆ ಚಾಕುವಲ್ಲಿ ಓರೆಯಾಗಿ ಕೊಯ್ದ ಹಾಗಿರೋದು. ಜಿಂಕೆಗೆ ನಮ್ಮ ಕೊಟ್ಟಿಗೆಯ ಗೌರಿ ಥರಾನೇ ಮೇಲ್ಗಡೆ ಮುಂದಿನ ಹಲ್ಲಿಲ್ಲ. ಕಚ್ಚಿ ಎಳೆದು ಹರಿಯುತ್ತೆ."

"ಹಲ್ಲಿಲ್ದೇನೇ ಇಷ್ಟು!" ಅಂದ ಗಿರೀಶ.

ಗಿರೀಶನ ನೋವು ಬೇರೆ. ಹೋದ ಶರತ್ಕಾಲದಲ್ಲಿ ಗಂಡು ಜಿಂಕೆಯೊಂದು ಅವನ ಎಳೆ ಪ್ಲಮ್ ಗಿಡಕ್ಕೆ ಕೊಂಬು ತಿಕ್ಕಿ ತಿಕ್ಕಿ, ಸುತ್ತಲೂ ತೊಗಟೆ ಸುಲಿದುಬಿಟ್ಟಿತ್ತು. ಗಿಡ ಒಣಗಿತು. ತಿಂದಿದ್ದರಾದರೂ ಸಮಾಧಾನ ಇರ್ತಿತ್ತು ಅಂತಾನೆ.

"ಸೋಪು ಕಟ್ಟಿ ನೋಡಿದ್ಯಾ?" ಅಂದಳು ವಾಣಿ.

"ಕಟ್ಟಿದ್ದೆ," ಅಂದ ಶ್ರೀಧರ. "ಅಮ್ಮ ಊರಿಂದ ತಂದ ಗಂಧದ ಸೋಪು. ಜಿಂಕೆ ಮೂಸಿ ನೋಡಿ, ಪಕ್ಕದ ಕೊಂಬೆ ತಿಂತು. ಅಮ್ಮ ಎರಡು ದಿನ ನನ್ನ ಹತ್ರ ಮಾತಾಡ್ಲಿಲ್ಲ."

ವಾಣಿಯದು ಕೊಳೆತ ಮೊಟ್ಟೆಯ ನೀರು. ಅಡುಗೆಮನೆಗೇ ಮೊಟ್ಟೆ ಬರದ ಮನೆ. ಮಾವನವರು ಇಲ್ಲದ ಹೊತ್ತು ನೋಡಿ ಗ್ಯಾರೇಜಿನಲ್ಲಿ ಕದಡಿ ಗಿಡಕ್ಕೆ ಸಿಂಪಡಿಸಿದ್ದಳು. ಜಿಂಕೆ ವಾರ ಪೂರ್ತಿ ಹತ್ತಿರ ಸುಳಿಯಲಿಲ್ಲ. ಮಾವನವರೂ ಸುಳಿಯಲಿಲ್ಲ. ಒಂದು ಜೋರು ಮಳೆಗೆ ವಾಸನೆ ತೊಳೆದುಹೋಗಿ ಇಬ್ಬರೂ ವಾಪಸ್.

"ಬೇಲಿ ಹಾಕ್ಸೋ ಅಂದ್ರೆ ಕೇಳಲ್ಲ," ಅಂದ ಗಿರೀಶ.

"ಈ ಬಿಳಿಬಾಲದವು 8 ಅಡಿವರೆಗೂ ಹಾರ್ತವೆ. ನಮ್ಮ ಟೌನ್‌ಶಿಪ್‌ನವರು ಬಿಡೋದು 6 ಅಡಿ. ಅದು ಬೇಲಿಯಲ್ಲ ಮಾರಾಯ, ಅವಕ್ಕೆ ವ್ಯಾಯಾಮ," ಅಂದ ಶ್ರೀಧರ.

ಅಮ್ಮ ಲೋಟ ಕೆಳಗಿಟ್ಟರು. "ಅಂಗಳಕ್ಕೆ ಯಾಕೋ ಬೇಲಿ? ಗಿಡಕ್ಕೆ ಹಾಕು. ಹುಲಿಕಲ್ಲಿಂದ ಕುದೂರಿನ ತನಕ ತಿಮ್ಮಕ್ಕ ಆಲದ ಸಸಿ ಉಳಿಸಿದ್ದು ಹೇಗೆ? ಸಸಿಗೆ ಮುಳ್ಳು ಕಟ್ಟಿ. ರಸ್ತೆಗೆ ಗೇಟ್ ಹಾಕಿಸಿದ್ರಾ?"

ಎಲ್ಲರೂ ಸುಮ್ಮನಾದೆವು. ನಮ್ಮಲ್ಲಿ ಮೂವರು ಇಂಜಿನಿಯರುಗಳು.

ಮರುದಿನವೇ ಶ್ರೀಧರ 5 ಅಡಿ ಎತ್ತರದ ವೆಲ್ಡೆಡ್ ಜಾಲರಿ ತಂದು, 13 ಅಡಿ ಕತ್ತರಿಸಿ ಸುತ್ತಿದ. 4 ಅಡಿ ಅಗಲದ ಗೂಡಾಯಿತು. ನಾಲ್ಕು ಗೂಟ ಹೊಡೆದು, ತಂತಿಯ ತುದಿಗಳನ್ನು ಇಕ್ಕಳದಲ್ಲಿ ತಿರುಚಿ ತಿರುಚಿ ಬಿಗಿದ. ಜಿಂಕೆ ಬಂತು, ಸುತ್ತು ಹಾಕಿತು, ಹೊರಗೆ ಇಣುಕಿದ್ದ ಎಲೆಗಳನ್ನಷ್ಟೇ ಸವರಿ ಹೋಯಿತು. ಅದಾದ ಮೇಲೆ ಅಮ್ಮನಿಗೆ ಕಾಫಿ ಎರಡನೇ ಲೋಟ, ಕೇಳದೇನೇ.

ಜುಲೈನಲ್ಲಿ ಹಣ್ಣು ಕೆಂಪಾಯಿತು. ನಾವೆಲ್ಲ ಚಾಕು, ತಟ್ಟೆ ಹಿಡಿದು ನಿಂತಿದ್ದೆವು. ಶ್ರೀಧರ ಜಾಲರಿಯ 2 ಇಂಚು ಅಗಲ, 4 ಇಂಚು ಉದ್ದದ ಕಂಡಿಯೊಳಗೆ ಕೈ ಚಪ್ಪಟೆ ಮಾಡಿ ತೂರಿಸಿದ, ಹಣ್ಣು ಕಿತ್ತ. ಕೈ ಈಚೆಗೆ ಬರಲಿಲ್ಲ.

"ಬಾಗಿಲು ಎಲ್ಲೋ?" ಅಂದೆ.

"ಬಾಗಿಲು... ಇಟ್ಟಿಲ್ಲ."

"ಹಣ್ಣು ಬಿಡೋ, ಕೈ ಬರುತ್ತೆ," ಅಂದರು ಅಮ್ಮ.

"ಬಿಡಲ್ಲ!"

ಪೊದೆಯ ಹತ್ತಿರ ಜಿಂಕೆ ಮೆಲುಕು ಹಾಕುತ್ತಾ ನಮ್ಮನ್ನೇ ನೋಡುತ್ತಿತ್ತು. ವಾಣಿ ಇಕ್ಕಳ ತರಲು ಓಡಿದಳು.